ಭಾರಿ ವಾಹನಕ್ಕೆ ಅಗ್ಗದ ಟೈರು

ಕೆಸರಿಗೆಂದು ಮಾಡಿದ ಟೈರಿನ ದಪ್ಪ ರಬ್ಬರು ಗಟ್ಟಿಗಳು ಡಾಂಬರು ರಸ್ತೆಯಲ್ಲಿ ಬಾಗಿ ನಲುಗುತ್ತವೆ; ಇದರಿಂದ ಶಾಖವೂ ಸದ್ದೂ ಹುಟ್ಟಿ ಇಂಧನ ವ್ಯರ್ಥವಾಗುತ್ತದೆ. ಆದುದರಿಂದ ಬಹುಪಾಲು ರಸ್ತೆಯಲ್ಲೇ ಓಡುವ ಲ್ಯಾಂಡ್ ರೋವರಿನಂತಹ ವಾಹನಕ್ಕೆ ರಸ್ತೆಯ ಟೈರೇ ಲೇಸು. ಆದರೆ ಬೆಲೆಗಿಂತ ಮೊದಲು ಪಕ್ಕದಲ್ಲಿ ಅಚ್ಚೊತ್ತಿದ ಭಾರಸೂಚಿಯನ್ನು ಓದಬೇಕು. ಸೂಚಿ 100 ಎಂದರೆ ನೂರು ಕಿಲೋಗ್ರಾಂ ಅಲ್ಲ, 800. 108 ಎಂದರೆ 1,000.

3 ಟನ್ನಿನ ವಾಹನವನ್ನು ನಾಲ್ಕು ಚಕ್ರಗಳಿಗೆ ಹಂಚಿದರೆ 750 ಕಿಲೋಗ್ರಾಂ ತಾನೆ, 100 ಸಾಲದೆ? ಸಾಲದು. ಸಾಮಾನು ತುಂಬಿದಾಗ ಹಿಂದಿನ ಅಚ್ಚಿನ ಮೇಲೆಯೇ 1,900 ಬಿದ್ದಿತೆನ್ನಿ. ಅಲ್ಲಿನ ಒಂದೊಂದು ಟೈರಿಗೂ 950 ಆಯಿತು. ಶಕ್ತಿ ಮೀರಿದ ಟೈರಿನ ಪಕ್ಕಗಳು ಅತಿಯಾಗಿ ಬಾಗಿ, ಕಾದು, ಕೊನೆಗೆ ಸಿಡಿಯುತ್ತವೆ.

ತೀರ ಅಗ್ಗವೆಂದರೆ ಹಳೆಯ ಸರಕಿರಬಹುದು. ಪಕ್ಕದಲ್ಲಿ 1216 ಎಂದಿದ್ದರೆ ಅದು 2016ರ ಹನ್ನೆರಡನೆಯ ವಾರದಲ್ಲಿ ತಯಾರಾದದ್ದು. ಅದರ ರಬ್ಬರು ಬಳಸದೆಯೂ ಗಡುಸಾಗಿರುತ್ತದೆ.