ಕ್ರೀಡಾ ಸಂಸ್ಥೆಗಳ ಸುರಕ್ಷತಾ ವಾರ್ಷಿಕ ವರದಿ: ಸಿದ್ಧತೆಯ ಕ್ರಮ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ಊರುಗಳಲ್ಲಿ ಕ್ರೀಡಾ ಸಂಘಗಳ ಅಧ್ಯಕ್ಷ, ಖಜಾಂಚಿ ಸ್ಥಾನಗಳನ್ನು ವರ್ತಕರು ಹಾಗೂ ಸಣ್ಣ ಉದ್ಯಮಿಗಳು ವಹಿಸಿಕೊಳ್ಳುವುದು ವಾಡಿಕೆ. ಸಂಘದ ಜಮಾ-ಖರ್ಚಿನ ಬಗ್ಗೆ ಇವರು ತೋರುವ ಶ್ರದ್ಧೆಯು, ಅಲ್ಲಿಗೆ ಬರುವ ಆಟಗಾರ್ತಿಯರ ಹಾಗೂ ಸಿಬ್ಬಂದಿಯ ಸುರಕ್ಷತೆಗೆ ಸಂಬಂಧಿಸಿದ ವರದಿಯ ವಿಷಯದಲ್ಲಿ ಅನೇಕ ಕಡೆ ಕಂಡುಬರುವುದಿಲ್ಲ. ಈ ವರದಿಯನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

2023ರ ಜನವರಿಯಲ್ಲಿ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟನೆಗೆ ಕುಳಿತಾಗ, ದೂರು ಕೇಳುವ ವ್ಯವಸ್ಥೆ ಕ್ರೀಡಾ ಸಂಸ್ಥೆಗಳಲ್ಲಿ ಎಷ್ಟರ ಮಟ್ಟಿಗೆ ಇದೆ ಎಂಬ ಪ್ರಶ್ನೆ ಎದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ, ಆಂತರಿಕ ಸಮಿತಿಯನ್ನು ಸರಿಯಾಗಿ ರಚಿಸದ ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ಗಳಿಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನೋಟಿಸ್ ನೀಡಿತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ರಾಷ್ಟ್ರೀಯ ಸಂಸ್ಥೆಗಳಿಗೆ ಸುರಕ್ಷಿತ ಕ್ರೀಡಾ ನೀತಿಯನ್ನು ವಿಧಿಸಿದೆ. ಮೇಲಿನ ಸಂಸ್ಥೆಗೆ ಬಂದ ಪ್ರಶ್ನೆ ಅದಕ್ಕೆ ಸೇರಿದ ಜಿಲ್ಲಾ ಸಂಸ್ಥೆಗೂ ಬರುವುದು ಸಹಜ.

ಆದರೆ ಊರಿನ ಸಂಘಕ್ಕೆ ಮೂಲ ಕಾನೂನು, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೇ. ಅದರ ಕಲಂ 2ರಲ್ಲಿ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯದ ಸ್ಥಳ ಇವೆಲ್ಲವೂ 'ಕೆಲಸದ ಸ್ಥಳ'ವೆಂದು ಸ್ಪಷ್ಟವಾಗಿ ಹೇಳಲಾಗಿದೆ. ದೂರು ನೀಡುವ ಮಹಿಳೆ ಸಂಘದ ನೌಕರಳೇ ಆಗಿರಬೇಕಿಲ್ಲ. ಅಭ್ಯಾಸಕ್ಕೆ ಬರುವ ಆಟಗಾರ್ತಿಗೂ ರಕ್ಷಣೆಯುಂಟು.

ಮೊದಲ ಹೆಜ್ಜೆ: ತಲೆ ಎಣಿಕೆ

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯು ಆಂತರಿಕ ಸಮಿತಿಯನ್ನು ರಚಿಸಲೇಬೇಕು. "ನಮ್ಮಲ್ಲಿ ಅಷ್ಟು ಜನ ಇಲ್ಲ" ಎಂಬ ಉತ್ತರ ಬರುವುದು ಇಲ್ಲಿಯೇ. ಚನ್ನರಾಯಪಟ್ಟಣದಲ್ಲಿ ಒಂದು ಸಂಘವಿದೆಯೆಂದು ಊಹಿಸೋಣ. ವೇತನ ಪುಸ್ತಕದಲ್ಲಿ ಇಬ್ಬರು ತರಬೇತುದಾರರು, ಒಬ್ಬ ಗುಮಾಸ್ತ, ಒಬ್ಬ ಕಾವಲುಗಾರ, ಒಟ್ಟು 4 ಜನ. ಗುತ್ತಿಗೆದಾರನ ಮೂಲಕ ಬರುವ ಸ್ವಚ್ಛತಾ ಕೆಲಸಗಾರರು 2, ಗೌರವಧನ ಪಡೆಯುವ ಸಹಾಯಕ ತರಬೇತುದಾರರು 3, ಸಂಬಳವಿಲ್ಲದೆ ಕಲಿಸಿಕೊಡುವ ಹಿರಿಯ ಆಟಗಾರರು 2. ಕಾಯ್ದೆಯ 'ನೌಕರ' ಎಂಬ ವ್ಯಾಖ್ಯೆಯಲ್ಲಿ ಗುತ್ತಿಗೆ, ತಾತ್ಕಾಲಿಕ, ಸ್ವಯಂಸೇವಾ ಕೆಲಸಗಾರರೂ ಸೇರುತ್ತಾರೆ. ಈಗ ಲೆಕ್ಕ 11. ಆದ್ದರಿಂದ ವೇತನ ಪುಸ್ತಕದ ಜೊತೆಗೆ ಗೌರವಧನದ ವೋಚರುಗಳನ್ನೂ ಗುತ್ತಿಗೆ ಬಿಲ್ಲುಗಳನ್ನೂ ತೆರೆದಿಟ್ಟುಕೊಂಡು ಎಣಿಸುವುದು ಕ್ಷೇಮ.

ಎರಡನೆಯ ಹೆಜ್ಜೆ: ಸಮಿತಿಯ ರಚನೆ

ಹಿರಿಯ ಮಹಿಳಾ ನೌಕರರೊಬ್ಬರು ಅಧ್ಯಕ್ಷೆ, ನೌಕರರಿಂದ ಕನಿಷ್ಠ ಇಬ್ಬರು ಸದಸ್ಯರು, ಸ್ವಯಂಸೇವಾ ಸಂಸ್ಥೆಯಿಂದ ಅಥವಾ ಈ ವಿಷಯ ಬಲ್ಲವರಿಂದ ಒಬ್ಬ ಹೊರಗಿನ ಸದಸ್ಯರು. ಒಟ್ಟಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು. ಅವಧಿ ಮೂರು ವರ್ಷ ಮೀರಬಾರದು. ಹೊರಗಿನ ಸದಸ್ಯರ ಸ್ಥಾನಕ್ಕೆ ಅಧ್ಯಕ್ಷರ ನೆಂಟರನ್ನು ಹಾಕಿದರೆ ಸಮಿತಿ ಕಾಗದದಲ್ಲಷ್ಟೇ ಉಳಿಯುತ್ತದೆ. ಈ ಸದಸ್ಯರಿಗೆ ನಿಯಮದಂತೆ ಕಲಾಪದ ದಿನಕ್ಕೆ ರೂ. 200 ಭತ್ಯೆ ಹಾಗೂ ಪ್ರಯಾಣ ವೆಚ್ಚವಿದೆ. ವೆಚ್ಚ ಹೆಚ್ಚೆಂಬ ನೆಪಕ್ಕೆ ಇಲ್ಲಿ ಅವಕಾಶವಿಲ್ಲ.

ಹತ್ತು ಜನರಿಲ್ಲದಿದ್ದರೆ, ಅಥವಾ ದೂರು ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಇದ್ದರೆ, ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ತಾಲ್ಲೂಕಿನ ನೋಡಲ್ ಅಧಿಕಾರಿಯು ದೂರನ್ನು ಏಳು ದಿನಗಳೊಳಗೆ ಅಲ್ಲಿಗೆ ಕಳುಹಿಸಬೇಕೆಂಬುದು ಕಾನೂನು. ಅರಕಲಗೂಡಿನ ಆಟಗಾರ್ತಿ ದೂರು ಕೊಡಲೆಂದೇ ಹಾಸನಕ್ಕೆ ಅಲೆಯಬೇಕಾಗಿಲ್ಲ.

ಮೂರನೆಯ ಹೆಜ್ಜೆ: ವರದಿಯ ಐದು ಅಂಶಗಳು

1. ವರ್ಷದಲ್ಲಿ ಬಂದ ದೂರುಗಳು.
2. ಇತ್ಯರ್ಥವಾದ ದೂರುಗಳು.
3. 90 ದಿನ ಮೀರಿ ಬಾಕಿ ಉಳಿದವು.
4. ನಡೆಸಿದ ಅರಿವು ಕಾರ್ಯಕ್ರಮಗಳು.
5. ಕೈಗೊಂಡ ಕ್ರಮದ ಸ್ವರೂಪ.

ವರದಿಯನ್ನು ಸಮಿತಿಯು ಸಂಸ್ಥೆಗೂ ಕಾಯ್ದೆಯಡಿಯ ಜಿಲ್ಲಾ ಅಧಿಕಾರಿಗೂ ಸಲ್ಲಿಸಬೇಕು. ಇದು ಕ್ಯಾಲೆಂಡರ್ ವರ್ಷದ ಲೆಕ್ಕ. ಮಾರ್ಚ್ 31ರ ಜಮಾ-ಖರ್ಚಿನೊಂದಿಗೆ ಬೆರೆಸಬಾರದು. ದೂರುದಾರಳ ಹೆಸರು, ವಿಳಾಸ ವರದಿಯಲ್ಲಿ ಬರಕೂಡದು; ಗೋಪ್ಯತೆ ಮುರಿಯುವುದು ದಂಡನಾರ್ಹ.

'ಶೂನ್ಯ'ಕ್ಕೂ ಆಧಾರ ಬೇಕು

ಬಹುತೇಕ ಸಂಘಗಳ ವರದಿಯಲ್ಲಿ ಮೊದಲ ಮೂರು ಅಂಶಗಳ ಮುಂದೆ ಶೂನ್ಯವೇ ಬರಬಹುದು. ವ್ಯಾಪಾರವಿಲ್ಲದ ತಿಂಗಳಿಗೂ ತೆರಿಗೆ ವಿವರಪಟ್ಟಿ ಸಲ್ಲಿಸುವ ವರ್ತಕನಿಗೆ, ಆ ಶೂನ್ಯದ ಹಿಂದೆಯೂ ಲೆಕ್ಕಪುಸ್ತಕ ಇರಬೇಕೆಂಬುದು ಗೊತ್ತು. ಇಲ್ಲಿಯೂ ಅದೇ ನ್ಯಾಯ. ಸಮಿತಿಯ ಆದೇಶ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿದೆಯೇ, ದೂರು ವಹಿ ಇದೆಯೇ, ಅರಿವು ಕಾರ್ಯಕ್ರಮದ ಹಾಜರಿ ಸಹಿಗಳಿವೆಯೇ, ಸಭೆಯ ನಡಾವಳಿ ಬರೆದಿದೆಯೇ ಎಂಬುದನ್ನು ನೋಡಬೇಕು. ಇವು ಯಾವುವೂ ಇಲ್ಲದ ಕಡೆಯ ಶೂನ್ಯಕ್ಕೆ ತೊಂದರೆ ಇಲ್ಲವೆಂಬ ಅರ್ಥ ಬರುವುದಿಲ್ಲ. ಹೇಳಿಕೊಳ್ಳಲು ದಾರಿ ಇಲ್ಲವೆಂಬ ಅರ್ಥವೂ ಬರಬಹುದು.

ದೂರು ಬಂದಾಗ ಊರ ಹಿರಿಯರು ಕೂಡಿ ಹಣ ಕೊಡಿಸಿ ಮುಗಿಸುವ ಪದ್ಧತಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. ಮಹಿಳೆ ತಾನಾಗಿ ಕೋರಿದರೆ ಮಾತ್ರ ವಿಚಾರಣೆಗೆ ಮುನ್ನ ರಾಜಿ ಸಾಧ್ಯ; ಅದಕ್ಕೆ ಹಣ ಆಧಾರವಾಗುವಂತಿಲ್ಲ.

ಬಿಟ್ಟುಹೋಗಬಾರದವರು

2013ರ ಕಾಯ್ದೆಯಡಿ ದೂರು ನೀಡುವ ಹಕ್ಕು ಮಹಿಳೆಯರದು. 18 ವರ್ಷ ತುಂಬದವರ ಪ್ರಕರಣಕ್ಕೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ವಿಕಲಚೇತನ ಕ್ರೀಡಾಪಟುವಿನ ಮೇಲೆ ದೌರ್ಜನ್ಯ ನಡೆದರೆ, 2016ರ ಕಾಯ್ದೆಯ ಕಲಂ 7ರಂತೆ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ನೀಡಬಹುದು. ವಯಸ್ಕ ಪುರುಷ ಆಟಗಾರರ ದೂರುಗಳಿಗಾಗಿ ಸಂಘವು ತನ್ನ ನಿಯಮಾವಳಿಯಲ್ಲಿಯೇ ಒಂದು ದಾರಿ ಮಾಡಿಕೊಡುವುದು ಉಚಿತ.

ಸಮಿತಿ ರಚಿಸದಿದ್ದರೆ ರೂ. 50,000ದವರೆಗೆ ದಂಡ, ತಪ್ಪು ಮರುಕಳಿಸಿದರೆ ಇಮ್ಮಡಿ, ನೋಂದಣಿ ರದ್ದತಿಯೂ ಆಗಬಹುದು. ದಂಡದ ಮೊತ್ತವನ್ನು ಸಂಘ ಹೇಗೋ ಕಟ್ಟೀತು. ಆದರೆ ಯಾರಿಗೆ ಹೇಳಬೇಕೆಂದು ತಿಳಿಯದೆ ಆಟವನ್ನೇ ಬಿಟ್ಟು ಮನೆಗೆ ಮರಳಿದ ಆಟಗಾರ್ತಿಯ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ತುಂಬಿಕೊಡಲಾರದು. ವರದಿಗೆ ಸಹಿ ಮಾಡುವ ಮುನ್ನ ಪದಾಧಿಕಾರಿಗಳು ಒಮ್ಮೆ ಅಂಗಳಕ್ಕೆ ಹೋಗಿ, ದೂರು ಯಾರಿಗೆ ಕೊಡಬೇಕೆಂಬುದು ಗೊತ್ತೇ ಎಂದು ಆಟಗಾರ್ತಿಯರನ್ನು ವಿಚಾರಿಸುವುದು ಒಳಿತು.