ಗೃಹಪ್ರವೇಶಕ್ಕೆ ಮೀನು ಬೇಡ, ಪುಟ್ಟೀ



ನೀನು ವಾಟ್ಸ್ಯಾಪಿನಲ್ಲಿ ಕಳಿಸಿದ ನಕ್ಷೆಯನ್ನು ನಿನ್ನ ದೊಡ್ಡಮ್ಮ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ತೊಟ್ಟಿಯ ಅಂಗಳಕ್ಕೆ ಜಾಗ ಬಿಡುವುದಕ್ಕೆ ಧೈರ್ಯ ಬೇಕು, ಭೇಷ್. ಆದರೆ ತೊಟ್ಟಿಯಲ್ಲಿ ಕೊಳ, ಕೊಳದಲ್ಲಿ ಕೋಯ್ ಮೀನು, ಗೃಹಪ್ರವೇಶದ ದಿನ ನೆಂಟರಿಗೆಲ್ಲ ತೋರಿಸಬೇಕು ಅಂತ ಬರೆದಿದ್ದೀಯಲ್ಲ, ಅಲ್ಲಿ ನನ್ನ ತಕರಾರಿದೆ. ಕೊಳ ಖಂಡಿತ ಮಾಡು. ಮೊದಲು ಗಿಡ, ಆಮೇಲೆ ನೀರು ಹದಕ್ಕೆ ಬರಲಿ, ಮೀನು ಕಟ್ಟಕಡೆಗೆ.

ಯಾಕೆ ಅಂತ ಹೇಳುತ್ತೇನೆ. ಮೀನು ಕಿವಿರಿನಿಂದಲೇ ಅಮೋನಿಯ ಹೊರಗೆ ಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ಹೊಳೆಯಲ್ಲಾದರೆ ಕೊಚ್ಚಿಕೊಂಡು ಹೋಗುತ್ತದೆ, ನಿನ್ನ ಕೊಳದಲ್ಲಿ ಅಲ್ಲೇ ಉಳಿದು ಮೀನನ್ನೇ ಕೊಲ್ಲುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಂದರೆ ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾ ಕಲ್ಲಿಗೂ ಬೇರಿಗೂ ಅಂಟಿಕೊಂಡು ನಿಧಾನವಾಗಿ ಹೆಚ್ಚುವಂಥವು. ಹೊಸ ಕೊಳದಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಮೀನು ಸಾಕಿದ ಗೆಳೆಯರ ತೊಟ್ಟಿಯಿಂದ ಒಂದು ಬುಟ್ಟಿ ಹಳೆಯ ಜಲ್ಲಿ ತಂದು ಹಾಕಿದರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಸ್ವಲ್ಪ ಬೇಗ ಆಗುತ್ತದೆ. ಅದಕ್ಕಿಂತ ಅವಸರ ಮಾಡಿದರೆ ಮೀನು ಮೇಲೆ ಬಂದು ಬಾಯಿ ತೆರೆದು ತೇಲುವುದನ್ನು ನೋಡಬೇಕಾಗುತ್ತದೆ, ಅದೂ ನೆಂಟರ ಮುಂದೆ.

ನಕ್ಷೆಯಲ್ಲಿ ಇನ್ನೊಂದು ಕಂಡಿತು. ನೀರಿನ ಸಂಪು ಸರಿಯಾಗಿ ತೊಟ್ಟಿಯ ಕೆಳಗೇ ಇದೆ. ನಿನ್ನ ಕೊಳ 6 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ನೀರು ಅಂದರೆ ಸುಮಾರು 1,000 ಲೀಟರ್, ಒಂದು ಟನ್ ಭಾರ. ವಾಸದ ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಒಂದೂವರೆ ಅಡಿ ನೀರು ಅಷ್ಟೇ ಜಾಗದಲ್ಲಿ 450 ಕಿಲೋ ತೂಗುತ್ತದೆ, ಕಲ್ಲು-ಗೋಡೆ ಬೇರೆ. ಸೋರಿತೋ, ಮೀನಿನ ನೀರು ಕುಡಿಯುವ ನೀರಿಗೆ ಸೇರುತ್ತದೆ. ಸಂಪನ್ನು ಪೋರ್ಟಿಕೋ ಕಡೆಗೆ ಸರಿಸಲು ಈಗಲೇ ಹೇಳು. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಸರಿಸುವುದಿಲ್ಲ.

ಕೊಳದ ಹೊಸ ಸಿಮೆಂಟ್ ಸುಣ್ಣ ಬಿಟ್ಟು ನೀರನ್ನು ಕ್ಷಾರ ಮಾಡುತ್ತದೆ. ಮೂರು-ನಾಲ್ಕು ಸಲ ತುಂಬಿಸಿ ಚೆಲ್ಲಬೇಕು. ಮೀನು ಸಾಕುವವರು ಹೊಸ ತೊಟ್ಟಿಗೆ ಬಾಳೆದಿಂಡು ಕೊಚ್ಚಿ ಹಾಕಿ ಕೆಲವು ದಿನ ನೆನೆಸಿ ಚೆಲ್ಲುವುದುಂಟು. ನೀನೂ ಮಾಡು, ಖರ್ಚಿಲ್ಲ.

ಈಗ ಗಿಡದ ಮಡಿಗೆ ಬರುತ್ತೇನೆ. ಕೊಳದ ಪಕ್ಕದಲ್ಲೇ ಸ್ವಲ್ಪ ಎತ್ತರಕ್ಕೆ, ಕೊಳದ ಕಾಲುಭಾಗದಷ್ಟು ಅಗಲದ ಇನ್ನೊಂದು ತೊಟ್ಟಿ ಕಟ್ಟಿಸು. ತಳದಲ್ಲಿ ತೂತು ಕೊರೆದ ಪಿವಿಸಿ ಪೈಪು, ಅದರ ಮೇಲೆ ಒಂದಡಿ ಜಲ್ಲಿ. ಧೂಳು ಹೋಗುವ ತನಕ ತೊಳೆದಿರಬೇಕು. ಮಣ್ಣು ಬೇಡವೇ ಬೇಡ. ಪಂಪು ಕೊಳದ ನೀರನ್ನು ಪೈಪಿಗೆ ತಳ್ಳುತ್ತದೆ. ನೀರು ಜಲ್ಲಿಯ ಸಂದಿಯಿಂದ, ಬೇರುಗಳ ನಡುವಿನಿಂದ ಮೇಲೆ ಬಂದು ಅಂಚು ದಾಟಿ ಕೊಳಕ್ಕೆ ಬೀಳುತ್ತದೆ. ಗಂಟೆಗೆ 1,000 ಲೀಟರ್ ತಳ್ಳುವ ಪಂಪು ಸಾಕು. ಸುಮಾರು 20 ವ್ಯಾಟ್, ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಹದಿನೈದು ಯೂನಿಟ್ ದಾಟುವುದಿಲ್ಲ. ನಿಲ್ಲಿಸಬಾರದು. ಹರಿಯುವ ನೀರಿಲ್ಲದಿದ್ದರೆ ಆ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವಿಲ್ಲ. ಕೂರುವ ಕೆಸರು ತೆಗೆಯಲು ತಳಕ್ಕೊಂದು ವಾಲ್ವ್ ಇರಲಿ. ಪ್ಲಂಬರ್ ಬೇಡ ಅಂತಾನೆ, ಕೇಳಬೇಡ.

ಗಿಡಗಳಲ್ಲಿ ನನ್ನ ಮೆಚ್ಚಿನದು ಬಜೆ ಮತ್ತು ಕೆಸು. ಮೊನ್ನೆ ನಮ್ಮ ಹಿತ್ತಲ ತೊಟ್ಟಿಯಿಂದ ಒಂದು ಕೆಸುವನ್ನು ಜಲ್ಲಿ ಸಮೇತ ಎತ್ತಿದೆ. ಬೆರಳುದ್ದದ ಬಿಳಿ ಬೇರು, ಅದಕ್ಕೆ ಕೂದಲಿನಂಥ ಮರಿಬೇರು, ಒಂದೊಂದು ಕಲ್ಲಿನ ಮೇಲೂ ಕಂದು ಲೋಳೆ, ಲೋಳೆಯೊಳಗೆ ಸಾಸಿವೆಯಷ್ಟು ಪುಟ್ಟ ಬಸವನಹುಳು. ಆ ಲೋಳೆಯೇ ನಿನ್ನ ಫಿಲ್ಟರ್. ಕೊಳಕು ಅಂತ ತಿಕ್ಕಿ ತೊಳೆದೀಯ, ಜೋಕೆ! ನಿನ್ನ ತೊಟ್ಟಿಗೆ ಮೇಲೆ ಗಾಜು ಬರುವುದರಿಂದ ಬಿಸಿಲು ಕಮ್ಮಿ. ತಾವರೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಆಸೆ ಬಿಡು. ಎಲ್ಲರೂ ತಾತ್ಸಾರ ಮಾಡುವ ಮನಿ ಪ್ಲಾಂಟ್ ಮಬ್ಬು ಬೆಳಕಿನಲ್ಲೂ ಬೇರನ್ನು ನೀರಿಗಿಳಿಸಿ ಚೆನ್ನಾಗಿ ದುಡಿಯುತ್ತದೆ. ಅಂಚಿಗೆ ಒಂದೆಲಗ ಹಬ್ಬಿಸು, ತಂಬುಳಿಗೂ ಆಯಿತು.

ಒಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಗಿಡ ಹೀರಿದ ಸಾರಜನಕ ಎಲೆಯಲ್ಲಿ ಕೂರುತ್ತದೆ. ಹಣ್ಣೆಲೆ ನೀರಿಗೇ ಬಿದ್ದು ಕೊಳೆತರೆ ತಿರುಗಿ ಅಮೋನಿಯ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಕತ್ತರಿ ಹಿಡಿ, ಕತ್ತರಿಸಿದ್ದನ್ನು ಗೊಬ್ಬರದ ಬುಟ್ಟಿಗೆ ಹಾಕು. ಗಿಡ ನೀರನ್ನು ತಿಳಿಮಾಡುತ್ತದೆ ಅಂದರೆ ನಂಬಿಕೆ ಬರದಿದ್ದರೆ ಒಂದು ಭಾನುವಾರ ಜಕ್ಕೂರು ಕೆರೆಗೆ ಹೋಗಿ ಬಾ. ಅಲ್ಲಿ ಶುದ್ಧೀಕರಿಸಿದ ಕೊಳಚೆನೀರು ಜೊಂಡಿನ ಜೌಗು ದಾಟಿಯೇ ಕೆರೆ ಸೇರುತ್ತದೆ.

ಮೀನಿನ ವಿಷಯ ಚುಟುಕಾಗಿ. ಕೋಯ್ ಎರಡಡಿ ಬೆಳೆಯುತ್ತದೆ, ಗಿಡ ಕೀಳುತ್ತದೆ. ಅದಕ್ಕೆ ನಿನ್ನ ಸಾವಿರ ಲೀಟರ್ ಯಾವ ಮೂಲೆಗೆ? ಗೋಲ್ಡ್‌ಫಿಶ್ ಗಲೀಜು. ನಮ್ಮ ಸಹ್ಯಾದ್ರಿಯ ತೊರೆಗಳ ಡೇನಿಯೊ ಇದೆ, ತಲೆಯ ಮೇಲೆ ಹೊಳೆವ ಚುಕ್ಕೆಯ ಪಂಚಾಕ್ಸ್ ಇದೆ. ಪಂಚಾಕ್ಸ್ ನೀರಿನ ಮೇಲ್ಮೈಯಲ್ಲೇ ಕಾದಿದ್ದು ಸೊಳ್ಳೆಯ ಮರಿಗಳನ್ನು ನುಂಗುತ್ತದೆ, ನಿಮ್ಮೂರಿನ ಡೆಂಗಿ ಕಾಲಕ್ಕೆ ಅದಕ್ಕಿಂತ ಬೇಕೇ? ‘ಮಿಸ್ ಕೇರಳ’ ಎಂಬ ಮೀನು ಮೋಹಕವೇ, ಆದರೆ ಕಾಡಿನ ಹೊಳೆಗಳಿಂದ ಹಿಡಿದು ಮಾರಿ ಅದನ್ನು ಅಳಿವಿನಂಚಿಗೆ ತಂದಿದ್ದಾರೆ. ಸಾಕಿ ಮರಿಮಾಡಿದ್ದಾದರೆ ಮಾತ್ರ ತಗೋ. ಮೊದಲು ಐದಾರು, ಎರಡು ವಾರ ಬಿಟ್ಟು ಇನ್ನಷ್ಟು, ಒಟ್ಟು ಇಪ್ಪತ್ತರ ಒಳಗೆ. ಎರಡು ನಿಮಿಷದಲ್ಲಿ ಖಾಲಿಮಾಡುವಷ್ಟೇ ಆಹಾರ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕಿದ ಅಭ್ಯಾಸದಲ್ಲಿ ಬಂದವರೆಲ್ಲ ಹಿಡಿ ಹಿಡಿ ಎಸೆಯುತ್ತಾರೆ, ತಡೆಯಬೇಕು. ನಾಣ್ಯ ಎಸೆಯುವವರನ್ನೂ, ತಾಮ್ರ ಮೀನಿಗೆ ವಿಷ. ಸಾಕಿ ಬೇಸರ ಬಂದರೆ ಮೀನನ್ನಾಗಲಿ ಅಂತರಗಂಗೆಯಂಥ ನೀರುಗಿಡವನ್ನಾಗಲಿ ಕೆರೆಗೆ ಬಿಡಕೂಡದು.

ಕಾವೇರಿ ನೀರನ್ನು ಎರಡು ದಿನ ತೆರೆದ ಡ್ರಮ್ಮಿನಲ್ಲಿಟ್ಟು, ಕ್ಲೋರಿನ್ ಹೋದ ಮೇಲೆ ಹಾಕು. ಸೊಳ್ಳೆ, ಜಿರಲೆಯ ಸ್ಪ್ರೇ ಆ ತೊಟ್ಟಿಯ ಹತ್ತಿರ ಸುಳಿಯಬಾರದು. ಅವುಗಳಲ್ಲಿರುವ ಪೈರಿಥ್ರಾಯ್ಡ್ ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ ತೊಟ್ಟು ಬಿದ್ದರೂ ಸಾಕು. ಬಣ್ಣ ಬಳಿಯುವುದು, ಗೆದ್ದಲ ಔಷಧ ಎಲ್ಲ ಮುಗಿದ ಮೇಲೇ ನೀರು ತುಂಬಿಸು. ಚಿಕ್ಕ ಮಕ್ಕಳು ಬರುವ ಮನೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗಟ್ಟಿ ಜಾಲರಿ ಕೂರಿಸಲು ಮರೆಯಬೇಡ.

ಗೃಹಪ್ರವೇಶಕ್ಕೆ ಬರುವಾಗ ಬಜೆ, ಕೆಸುವಿನ ಗೆಡ್ಡೆ ಒದ್ದೆ ಗೋಣಿಯಲ್ಲಿ ಕಟ್ಟಿ ನಾನೇ ತರುತ್ತೇನೆ. ನೀನು ಈ ವಾರವೇ ಎಂಜಿನಿಯರನ್ನು ಕಂಡು ಸಂಪಿನ ವಿಷಯ ಇತ್ಯರ್ಥಮಾಡಿ ನನಗೆ ಫೋನ್ ಮಾಡು. ಅಲ್ಲಿಯ ತನಕ ಮೀನಿನ ಅಂಗಡಿಯವರಿಗೆ ಮುಂಗಡ ಕೊಡಬೇಡ.

ಇಂತಿ,
ನಿನ್ನ ದೊಡ್ಡಪ್ಪ