ನೆಟ್ ಸ್ಲೋ ಇದ್ದರೂ ಟೈಮ್ ತಪ್ಪದಿರಲಿ: ಏಳು ಸೂತ್ರಗಳು

ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೀರಾ? ಕಮಲಾಪುರದ ಆಫೀಸೊಂದರ ಸಿಸ್ಟಮ್‌ಗಳು ನಿಮ್ಮ ಉಸ್ತುವಾರಿಯಲ್ಲಿವೆಯಾ? ಹಾಗಾದರೆ ಗಡಿಯಾರವೂ ನಿಮ್ಮದೇ ಹೊಣೆ. ವಿಂಡೋಸ್ ಡೊಮೇನ್‌ನಲ್ಲಿ ಟೈಮ್ 5 ನಿಮಿಷ ಮೀರಿ ತಪ್ಪಿದರೆ ಲಾಗಿನ್ನೇ ಕೈಕೊಡಬಹುದು. ಇಂದೇ ಕಲಿಯಿರಿ.

1. "ನೆಟ್ ಸ್ಲೋ ಅದ, ಏನ್ ಮಾಡ್ಲಿ" ಅನ್ನುವ ಚಾಳಿ ಬಿಡಿ. ಸಮಯ ಕೇಳುವ ಎನ್‌ಟಿಪಿ (ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್) ಸಂದೇಶ ಬರೀ 48 ಬೈಟ್. ಡೇವಿಡ್ ಮಿಲ್ಸ್ 1985ರಲ್ಲಿ ಇದರ ಮೊದಲ ನಿಯಮಾವಳಿ ಬರೆದಾಗ ಇದ್ದ ಲೈನ್‌ಗಳು ನಿಮ್ಮ ಹಾಟ್‌ಸ್ಪಾಟ್‌ಗಿಂತ ಎಷ್ಟೋ ನಿಧಾನ.

2. ಲೆಕ್ಕ ತಿಳಿಯಿರಿ. ಹೋಗಲು 400, ಬರಲು 400 ಮಿಲಿಸೆಕೆಂಡ್ ಹಿಡಿದರೆ ತಪ್ಪು ಸೊನ್ನೆ. ಎನ್‌ಟಿಪಿ ಎರಡೂ ದಾರಿ ಸಮ ಎಂದುಕೊಂಡು ಅರ್ಧ ಕಳೆಯುತ್ತದೆ. ಹೋಗಲು 600, ಬರಲು 200 ಆದರೆ 200 ಮಿಲಿಸೆಕೆಂಡ್ ತಪ್ಪು. ನಿಮ್ಮ ಶತ್ರು ವಿಳಂಬವಲ್ಲ, ವಿಳಂಬದ ಏರುಪೇರು.

3. ಲೈನ್ ಖಾಲಿ ಇಡಿ. ದೊಡ್ಡ ಅಪ್‌ಲೋಡ್, ಬ್ಯಾಕಪ್‌ಗಳನ್ನು ರಾತ್ರಿಗೆ ಹಾಕಿ. ಒಂದೇ ಕಡೆ ದಟ್ಟಣೆಯಾದರೆ ಆ ದಾರಿಯ ವಿಳಂಬ ಮಾತ್ರ ಬೆಳೆಯುತ್ತದೆ. ಲೆಕ್ಕ ಕೆಡುವುದು ಅಲ್ಲೇ.

4. ಕ್ರೋನಿ ಹಾಕಿ. ಆಗಾಗ ಕಡಿದುಹೋಗುವ ನೆಟ್‌ವರ್ಕ್‌ಗೂ ಒಗ್ಗುವಂತೆ ಮಾಡಿದ ಸಾಫ್ಟ್‌ವೇರ್ ಅದು. ಗಡಿಯಾರ ಎಷ್ಟು ಹಿಂದೆ ಅಥವಾ ಮುಂದೆ ಓಡುತ್ತದೆಂದು ಅಳೆದು ಡ್ರಿಫ್ಟ್ ಫೈಲ್‌ನಲ್ಲಿ ಬರೆದಿಡುತ್ತದೆ, ನೆಟ್ ಇಲ್ಲದಾಗಲೂ ತಿದ್ದುತ್ತದೆ. ಹತ್ತು ಲಕ್ಷಕ್ಕೆ ಹತ್ತು ಭಾಗ ವ್ಯತ್ಯಾಸವಾದರೂ ದಿನಕ್ಕೆ 0.86 ಸೆಕೆಂಡ್ ಹೋಯಿತು. ಕಲಬುರಗಿಯ ಬಿಸಿಲು ಗಡಿಯಾರ ನಡೆಸುವ ಕ್ರಿಸ್ಟಲ್‌ಗೂ ತಟ್ಟುತ್ತದೆ. ಸರ್ವರ್ ಇರುವ ಕೋಣೆ ತಂಪಾಗಿರಲಿ.

5. ಒಂದು ಸಿಸ್ಟಮ್ ಹೊರಗೆ ಕೇಳಲಿ, ಉಳಿದವು ಅದನ್ನು ಕೇಳಲಿ. ಲ್ಯಾಬಿನೊಳಗಿನ ಲ್ಯಾನ್‌ನಲ್ಲಿ ವಿಳಂಬ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡೂ ಇರುವುದಿಲ್ಲ. ಎಲ್ಲ ಯಂತ್ರಗಳೂ ಒಂದೇ ಸಮಯ ಹೇಳಿದರೆ ಲಾಗ್ ಹೋಲಿಸುವುದು ಸುಲಭ.

6. ನಂಬಿಗಸ್ತ ಮೂಲ ಆರಿಸಿ. ಭಾರತೀಯ ಕಾಲಮಾನವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದರೆ ಎನ್‌ಪಿಎಲ್. ಸಂಸ್ಥೆಗಳು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಕೊಳ್ಳಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದೇ ನಿರ್ದೇಶನ ಕೊಟ್ಟಿದೆ. ಒಂದೇ ಸರ್ವರ್‌ಗೆ ಜೋತುಬೀಳಬೇಡಿ. ನಾಲ್ಕಿದ್ದರೆ ಸುಳ್ಳು ಹೇಳುವ ಒಂದು ಸಿಕ್ಕಿಬೀಳುತ್ತದೆ.

7. ಗಡಿಯಾರವನ್ನು ಹಿಂದಕ್ಕೆ ಜಿಗಿಸಬೇಡಿ. ಡೇಟಾಬೇಸ್‌ನಲ್ಲಿ ಆಮೇಲಿನ ಎಂಟ್ರಿಗೆ ಮೊದಲಿನ ಸಮಯ ಬೀಳುತ್ತದೆ. ದೊಡ್ಡ ತಿದ್ದುಪಡಿ ಬೂಟ್ ಆಗುವಾಗಲೇ ಮುಗಿಯಲಿ, ಆಮೇಲೆ ನಿಧಾನವಾಗಿ ಸರಿಪಡಿಸಲು ಬಿಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಳೆಯದಾದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ.

ಈಗಲೇ ಟರ್ಮಿನಲ್ ತೆರೆಯಿರಿ. 'ಕ್ರೋನಿಸಿ ಟ್ರ್ಯಾಕಿಂಗ್' ಕಮಾಂಡ್ ಕೊಟ್ಟು, ಸಿಸ್ಟಮ್ ಟೈಮ್ ಮತ್ತು ರೂಟ್ ಡಿಲೇ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸಿ. ಒಂದು ವಾರ ದಿನಾ ಬರೆಯಿರಿ. ಇಂಟರ್‌ವ್ಯೂನಲ್ಲಿ "ಏನು ಮಾಡಿದ್ದೀರಿ?" ಎಂದು ಕೇಳಿದರೆ ಆ ಅಂಕಿಗಳನ್ನೇ ಮುಂದಿಡಿ.